ಗುಳ್ಳೆ ಎದ್ದರೇ ಕ್ಯಾಕ್ಯೆರೆ

ಈಸ್ಟರ್‌ಗೆ ಮುಂಚಿನ ಉಪವಾಸ ಶುರುವಾಗುವ ಮೊದಲು ಇಟಲಿಯಲ್ಲಿ ಕಾರ್ನಿವಲ್. ಆ ದಿನಗಳಲ್ಲಿ ಮನೆಮನೆಯಲ್ಲೂ ಕರಿಯುವ ತೆಳುವಾದ ಸಿಹಿ ಪಟ್ಟಿಗೆ ಮಿಲಾನ್‌ನವರು ಕ್ಯಾಕ್ಯೆರೆ ಅಂತಾರೆ, ಅಂದರೆ ಹರಟೆ. ಟಸ್ಕನಿಯಲ್ಲಿ ಅದು ಚೆಂಚಿ (ಚಿಂದಿ), ಜಿನೋವಾ ಕಡೆ ಬುಜಿಯೆ (ಸುಳ್ಳುಗಳು), ರೋಮ್‌ನಲ್ಲಿ ಫ್ರಾಪ್ಪೆ. ನೋಡಿದ ಕೂಡಲೆ ನಮ್ಮವರಿಗೆ ಶಂಕರಪೋಳಿ ನೆನಪಾಗುತ್ತದೆ, ಆದರೆ ಹದ ಬೇರೆ. ಇದರ ಮೈತುಂಬ ಗುಳ್ಳೆ ಏಳಬೇಕು.

250 ಗ್ರಾಂ ಮೈದಾಕ್ಕೆ 2 ಮೊಟ್ಟೆ, 30 ಗ್ರಾಂ ಮೆತ್ತಗಿನ ಬೆಣ್ಣೆ, 30 ಗ್ರಾಂ ಸಕ್ಕರೆ ಪುಡಿ, ಚಿಟಿಕೆ ಉಪ್ಪು, ಒಂದು ನಿಂಬೆಯ ಹಳದಿ ಸಿಪ್ಪೆಯ ತುರಿ, 2 ದೊಡ್ಡ ಚಮಚ ಗ್ರಾಪ್ಪ. ಗ್ರಾಪ್ಪ ಅಂದರೆ ದ್ರಾಕ್ಷಿ ಚರಟದಿಂದ ಭಟ್ಟಿ ಇಳಿಸಿದ ಮದ್ಯ. ಅದು ಎಣ್ಣೆಗೆ ಬಿದ್ದೊಡನೆ ಆವಿಯಾಗಿ ಹಿಟ್ಟನ್ನು ಉಬ್ಬಿಸುತ್ತದೆ, ಹಿಟ್ಟು ಹೆಚ್ಚು ಜಿಗುಟಾಗದಂತೆಯೂ ತಡೆಯುತ್ತದೆ. ಬಿಳಿ ವೈನ್ ಆದರೂ ಆದೀತು. ಮದ್ಯವೇ ಬೇಡವೆಂದರೆ ಅಷ್ಟೇ ಹಾಲಿಗೆ ಒಂದು ಸಣ್ಣ ಚಮಚ ವಿನೆಗರ್ ಬೆರೆಸಿ. ಗುಳ್ಳೆ ಮಾತ್ರ ಸ್ವಲ್ಪ ಕಡಿಮೆ. ಸಿಹಿ ಸಾಲದು ಅಂತ ಹಿಟ್ಟಿಗೆ ಸಕ್ಕರೆ ಜಾಸ್ತಿ ಸುರಿಯಬೇಡಿ, ಒಳಗೆ ಬೇಯುವ ಮೊದಲೇ ಹೊರಗೆ ಕೆಂಪಾಗುತ್ತದೆ.

ಪೂರಿ ಹಿಟ್ಟಿನಷ್ಟು ಗಟ್ಟಿಯಾಗಿ ಹತ್ತು ನಿಮಿಷ ನಾದಿ, ಮುಚ್ಚಿ ಅರ್ಧ ಗಂಟೆ ಬಿಡಿ. ನೆನೆಯದ ಹಿಟ್ಟು ಲಟ್ಟಿಸಿದಷ್ಟೂ ಹಿಂದಕ್ಕೆ ಕುಗ್ಗುತ್ತದೆ. ಆಮೇಲೆ ಸ್ವಲ್ಪ ಸ್ವಲ್ಪವೇ ತೆಗೆದು ಲಟ್ಟಿಸಿ, ಮಡಚಿ ಮತ್ತೆ ಲಟ್ಟಿಸಿ. ಹೀಗೆ ಎರಡು ಮೂರು ಸಲ. ಕೊನೆಗೆ 1 ಮಿಲಿಮೀಟರ್ ದಪ್ಪವಷ್ಟೇ ಉಳಿಯಬೇಕು, ಅಡಿಗಿಟ್ಟ ಕೈ ಮಸುಕಾಗಿ ಕಾಣುವಷ್ಟು. ಎಡವುವುದು ಇಲ್ಲೇ, ತೋಳು ಸೋತಿತು ಅಂತ 3 ಮಿಲಿಮೀಟರ್‌ಗೇ ನಿಲ್ಲಿಸಿಬಿಡುತ್ತಾರೆ. ಉಳಿದ ಹಿಟ್ಟಿನ ಮೇಲೆ ಒದ್ದೆ ಬಟ್ಟೆ ಇರಲಿ, ಒಣಗಿದರೆ ಬಿರಿಯುತ್ತದೆ.

ಕರ್ಜಿಕಾಯಿ ಅಂಚು ಕತ್ತರಿಸುವ ಹಲ್ಲುಚಕ್ರ ಇದಕ್ಕೂ ಸರಿಹೋಗುತ್ತದೆ. 5×10 ಸೆಂಟಿಮೀಟರ್ ಪಟ್ಟಿಗಳಾಗಿ ಕತ್ತರಿಸಿ, ನಡುವೆ ಉದ್ದಕ್ಕೆ ಎರಡು ಸೀಳು ಹಾಕಿ. ಸೀಳಿಲ್ಲದಿದ್ದರೆ ಪೂರಿಯಂತೆ ಒಂದೇ ಗುಳ್ಳೆಯಾಗಿ ಉಬ್ಬಿ ನಡುಭಾಗ ಹಸಿಯಾಗಿ ಉಳಿಯಬಹುದು. ಒಣಹಿಟ್ಟನ್ನು ಚೆನ್ನಾಗಿ ಕೊಡವಿ. ಎಣ್ಣೆಗೆ ಬಿದ್ದ ಪುಡಿ ಸುಟ್ಟು ಮುಂದಿನ ಪಟ್ಟಿಗೆಲ್ಲ ಕಹಿ ಹತ್ತಿಸುತ್ತದೆ.

ಹಿಂದೆ ಹಂದಿ ಕೊಬ್ಬಿನಲ್ಲಿ ಕರಿಯುತ್ತಿದ್ದರು, ಕಡಲೆಕಾಯಿ ಎಣ್ಣೆಯೂ ಚೆನ್ನಾಗಿದೆ. ಕಾವು 170ರಿಂದ 175 ಡಿಗ್ರಿ. ಚೂರು ಹಿಟ್ಟು ಹಾಕಿದರೆ ತಕ್ಷಣ ಮೇಲೇಳಬೇಕು, ಆದರೆ ಕೂಡಲೆ ಕಪ್ಪಾಗಬಾರದು. ಒಮ್ಮೆಗೆ ಎರಡು ಮೂರೇ ಹಾಕಿ, ಒಂದೊಂದು ಬದಿಗೆ ಅರ್ಧ ನಿಮಿಷ ಸಾಕು. ತಿಳಿ ಹೊನ್ನಿನ ಬಣ್ಣ ಬಂದೊಡನೆ ತೆಗೆಯಿರಿ, ಹೊರಗೆ ಬಂದ ಮೇಲೂ ಬಣ್ಣ ಇನ್ನಷ್ಟು ಏರುತ್ತದೆ. ಕಾವು ಇಳಿದಿದ್ದರೆ ಗುಳ್ಳೆ ಏಳದೆ ಎಣ್ಣೆ ಕುಡಿಯುತ್ತದೆ.

ಪೂರಾ ಆರಿದ ಮೇಲೆ ಸಕ್ಕರೆ ಪುಡಿ ಜರಡಿ ಹಿಡಿದು ಉದುರಿಸಿ. ಬಿಸಿಗೆ ಹಾಕಿದರೆ ಕರಗಿ ಅಂಟಾಗುತ್ತದೆ. ಎತ್ತಿಡುವವಕ್ಕೆ ಸಕ್ಕರೆ ಬೇಡ. ಗಾಳಿಯಾಡದ ಡಬ್ಬಿಯಲ್ಲಿಡಿ, ಮೆತ್ತಗಾದರೆ 150 ಡಿಗ್ರಿ ಓವನ್‌ನಲ್ಲಿ ನಾಲ್ಕೈದು ನಿಮಿಷ ಕಾಯಿಸಿ. ಕರಿಯದೆ ಓವನ್‌ನಲ್ಲೇ ಬೇಯಿಸುವವರೂ ಇದ್ದಾರೆ, ಅದು ತಿನ್ನಲೇನೋ ಚೆನ್ನ, ಆದರೆ ಬಿಸ್ಕತ್ತು.