ಗೋಡೆಗೆ ಒಂದೂ ತೂತಿಲ್ಲದೆ ಸಾರ್ವೆ ಕಟ್ಟಿದ್ದು: ನನ್ನ ಅನುಭವ

ಮಂಡ್ಯದ ಕಡೆ ಮನೆ ಕೆಲಸಕ್ಕೆ ಸಾರ್ವೆ (ಗಾರೆಯವರು ಎತ್ತರದಲ್ಲಿ ನಿಂತು ಕೆಲಸ ಮಾಡುವ ಅಟ್ಟಣೆ) ಅಂದರೆ ಸರ್ವೆ ಮರದ ಗಳ, ತೆಂಗಿನ ನಾರಿನ ಹಗ್ಗ, ಅಡ್ಡಗಳ ಸಿಕ್ಕಿಸಲು ಗೋಡೆಯಲ್ಲಿ ಸಾಲು ತೂತು. ನಾನೂ 15 ವರ್ಷ ಹಾಗೇ ಕಟ್ಟಿದವನು. ಬಿಟ್ಟಿದ್ದು ಬುದ್ಧಿ ಬಂದು ಅಲ್ಲ, ದುಡ್ಡು ಹೋಗಿ. ಒಂದು ಮನೆಯಲ್ಲಿ ಮೊದಲ ಮಳೆಗೇ ಒಳಗೋಡೆಯ ಮೇಲೆ ರೊಟ್ಟಿಯಗಲ ಒದ್ದೆ ಕಲೆಗಳು ಎದ್ದವು. ಅಳೆದು ಇಟ್ಟ ಹಾಗೆ ನಾಲ್ಕು ನಾಲ್ಕು ಅಡಿಗೊಂದು. ಅಡ್ಡಗಳದ ತೂತು ಮುಚ್ಚಿದ ಜಾಗ ಅಂತ ಯಾರಿಗಾದರೂ ಗೊತ್ತಾಗುತ್ತದೆ. ನನ್ನ ಬಾಕಿ 18 ಸಾವಿರ ಅಲ್ಲಿಗೆ ಮುಳುಗಿತು.

ಆಮೇಲೆ ಎರಡು ಸಾಲು ಕಬ್ಬಿಣದ ಪೈಪಿನ ಸಾರ್ವೆಗೆ ಇಳಿದೆ. ಸಾರ್ವೆ ತನ್ನ ಕಾಲ ಮೇಲೆ ತಾನೇ ನಿಲ್ಲಬೇಕು, ಗೋಡೆ ಮೇಲೆ ಭಾರ ಬೀಳಬಾರದು. ದೊಡ್ಡ ಸೈಟುಗಳಲ್ಲಿ ಇದೇನೂ ಹೊಸದಲ್ಲ. ಆದರೆ 30-40 ಸೈಟಿನ ಮೂರು ಮಹಡಿಗೆ ಇದು ಗಿಟ್ಟಲ್ಲ ಅಂತ ಎಲ್ಲರೂ ಹೇಳಿದರು. ಲಾರಿಯಿಂದ ಪೈಪು ಇಳಿಸುವಾಗ ಗಾರೆ ಮೇಸ್ತ್ರಿ ಸೊಂಟದ ಮೇಲೆ ಕೈಯಿಟ್ಟು ಕೇಳಿದ, "ಏನಣ್ಣ, ಮನೆ ಕಟ್ತಿದ್ದೀಯೋ, ಕನ್ನಂಬಾಡಿ ಕಟ್ತಿದ್ದೀಯೋ?"

ಗುಜರಿಯಲ್ಲಿ 120 ಪೈಪು ತಗೊಂಡೆ, 48 ಮಿ.ಮೀ.ದು, 6 ಮೀಟರ್ ಉದ್ದ. ಕೆ.ಜಿ.ಗೆ 55 ರೂಪಾಯಿ ಆಸುಪಾಸು. ಕ್ಲಾಂಪು, ಹಲಗೆ, ಲಾರಿ ಬಾಡಿಗೆ ಎಲ್ಲಾ ಸೇರಿ 2 ಲಕ್ಷ ಮುಟ್ಟಿತು. ಹೆಂಡತಿಯ ಸರ ಗಿರವಿಗೆ ಹೋಯಿತು, ಆ ಕತೆ ಬೇಡ. 3.2 ಮಿ.ಮೀ. ದಪ್ಪದ ಪೈಪು ಒಂದೊಂದೂ 21 ಕೆ.ಜಿ. ತೂಗಬೇಕು ಅಲ್ವಾ? ಸುಮಾರು 30 ಪೈಪು 17 ಚಿಲ್ಲರೆಗೇ ನಿಂತವು, ಅಂದರೆ ತೆಳು. ತೂಕದ ಲೆಕ್ಕದಲ್ಲಿ ಕೊಂಡಿದ್ದರಿಂದ ದುಡ್ಡೇನೂ ಹೋಗಲಿಲ್ಲ, ಆದರೆ ಕಂಬಕ್ಕೆ ಬರಲಿಲ್ಲ. ಕೈ ಹಿಡಿಯುವ ಅಡ್ಡಪೈಪಿಗೆ ಹಾಕಿಕೊಂಡೆ. ಎಚ್ ಫ್ರೇಮ್ (ಎಚ್ ಅಕ್ಷರದ ಆಕಾರದ ರೆಡಿ ಚೌಕಟ್ಟು) ಯಾಕೆ ತರಲಿಲ್ಲ ಅಂತ ಕೇಳುವವರಿದ್ದಾರೆ. ಈಗಿನ ಮನೆಗಳಿಗೆ ಅಡಿಗೊಂದು ಸಜ್ಜಾ, ಮೂಲೆಗೊಂದು ಬಾಲ್ಕನಿ. ಫ್ರೇಮು ಅಲ್ಲಿ ಮಾತು ಕೇಳಲ್ಲ.

ಮೊದಲ ಸಲ ಸೋತೆ. ಸೈಟು ಇದ್ದದ್ದು ಮೊದಲು ನಾಲೆ ನೀರಿನ ಗದ್ದೆಯಾಗಿದ್ದ ಲೇಔಟಿನಲ್ಲಿ. ಮೇಲೆ ಕೆಂಪು ಮಣ್ಣು ಹೊಡೆಸಿದ್ದರು, ಗಟ್ಟಿ ಇದೆ ಅಂದುಕೊಂಡು ಬರೀ ಬೇಸ್ ಪ್ಲೇಟ್ (ಕಂಬದ ಬುಡಕ್ಕೆ ಕೊಡುವ ಕಬ್ಬಿಣದ ತಟ್ಟೆ) ಮೇಲೆ ಕಂಬ ನಿಲ್ಲಿಸಿದೆ. ರಾತ್ರಿ ಜೋರು ಮಳೆ. ಬೆಳಿಗ್ಗೆ ತೂಗುಗುಂಡು ಬಿಟ್ಟು ನೋಡಿದರೆ ತುದಿ ಮೂರು ಇಂಚು ಹೊರಗೆ ವಾಲಿದೆ. ಹೊರಸಾಲಿನ ನಾಲ್ಕು ಪ್ಲೇಟು ಕಣ್ಣಿಗೇ ಕಾಣುತ್ತಿಲ್ಲ, ಪೈಪು ನೆಟ್ಟಗೆ ಕೆಸರಿನಿಂದಲೇ ಹುಟ್ಟಿದ ಹಾಗೆ! ಪುಣ್ಯಕ್ಕೆ ಮೇಲೆ ಯಾರೂ ಹತ್ತಿರಲಿಲ್ಲ. ಎಲ್ಲಾ ಬಿಚ್ಚಿದೆವು. ಐದು ಆಳಿನ ಎರಡು ದಿನದ ಕೂಲಿ ನೀರಿಗೆ ಹಾಕಿದ ಹಾಗಾಯಿತು. ಆಮೇಲೆ ನೆಲ ದಮ್ಮಸ್ಸು ಮಾಡಿ, ಎರಡು ಇಂಚು ದಪ್ಪದ ಹಲಗೆ ಹಾಸಿ, ಒಂದೊಂದು ಹಲಗೆ ಮೇಲೆ ಎರಡೆರಡು ಕಂಬ ಕೂರಿಸಿದೆ. ನೀರು ನಿಲ್ಲದ ಹಾಗೆ ಪಕ್ಕದಲ್ಲೇ ಕಾಲುವೆ ತೆಗೆಸಿದೆ. ಮತ್ತೆ ಎರಡು ಮಳೆ ಬಂತು. ಅಲ್ಲಾಡಲಿಲ್ಲ.

ಭಾರ ಗೋಡೆಗೆ ಬೀಳದಿದ್ದರೂ, ಇಷ್ಟು ಎತ್ತರದ ಸಾರ್ವೆ ವಾಲದ ಹಾಗೆ ಕಟ್ಟಡಕ್ಕೆ ಬಿಗಿಯದೆ ಆಗಲ್ಲ. ತೂತು ಹಾಕಬಾರದು ಅಂದಮೇಲೆ ಕಿಟಕಿ ಕಂಡಿಯೇ ಗತಿ. ಮೇಲೆ ಕೆಳಗೆ ಮರದ ತುಂಡು ಕೊಟ್ಟು, ಜಾಕಿ ತಿರುವಿ ಪೈಪು ಬಿಗಿದು, ಅದಕ್ಕೆ ಸಾರ್ವೆ ಕಟ್ಟಬೇಕು. ಹಾಗಾದರೆ ಕಿಟಕಿ ಬದಿಗಳ ಪ್ಲಾಸ್ಟರಿಂಗ್ ಹೇಗೆ ಮಾಡ್ತೀಯ ಅಂತ ಕೇಳ್ತೀರಿ. ಅದಕ್ಕೊಂದು ದಾರಿ ಕಂಡುಕೊಂಡಿದ್ದೇನೆ. ಇಲ್ಲಿ ಬರೆಯಲ್ಲ, ನನ್ನ ಹೊಟ್ಟೆಪಾಡೂ ನಡೀಬೇಕು.

ನಡುವೆ ಕೆಲವು ಹುಚ್ಚಾಟಗಳೂ ಆದವು. ಹಿಂಬದಿಗೆ ಸುಮ್ನೆ ಅಡಿಕೆ ಮರ ಕಟ್ಟಿ ನೋಡಿದೆ. ಬಿಸಿಲಿಗೆ ಉದ್ದಕ್ಕೂ ಸೀಳಿತು. ಗಳಕ್ಕೆ ನೈಲಾನ್ ಹಗ್ಗ ಹಾಕಿದೆ, ಗಂಟು ಜಾರಿತು. ಆ ವಿಷಯದಲ್ಲಿ ನಾರಿನ ಹಗ್ಗಕ್ಕೇ ನನ್ನ ವೋಟು, ನೆನೆದರೆ ಇನ್ನೂ ಬಿಗಿಯುತ್ತದೆ. ಕಳ್ಳತನಕ್ಕೆ ಮಾತ್ರ ಒಂದು ಉಪಾಯ ಫಲಿಸಿತು. ಪ್ರತಿ ಪೈಪಿಗೂ ಎರಡು ಕಡೆ ಹಸಿರು-ಬಿಳಿ ಪಟ್ಟಿ ಬಳಿದೆ, ಊರಿನ ಗುಜರಿಯವರಿಗೆಲ್ಲ ತೋರಿಸಿ ಬಂದೆ. ಆಮೇಲೆ ಒಂದೂ ಹೋಗಿಲ್ಲ. ಕ್ಲಾಂಪು ಹೋಗುತ್ತಲೇ ಇವೆ.

ಎರಡು ಬದಿ ಮುಗಿಸಿ ಅದೇ ಸಾಮಾನನ್ನು ಉಳಿದೆರಡು ಬದಿಗೆ ತಿರುಗಿಸಿದೆ. ಮೇಸ್ತ್ರಿ ಮೊದಲ ದಿನ ಹಲಗೆ ಮೇಲೆ ಎರಡು ಸಲ ಕುಪ್ಪಳಿಸಿ ನೋಡಿದ. ಗಾರೆ ತುಂಬಿದ ಬಾಂಡ್ಲಿ ಇಟ್ಟು ಕಾಲಲ್ಲಿ ತಳ್ಳಿದ. ಏನೂ ಮಾತಾಡಲಿಲ್ಲ, ಕರಣೆ ತಗೊಂಡ. ಹಲಗೆಯನ್ನು ಅವನ ಎದೆ ಮಟ್ಟಕ್ಕೆ ಬೇಕಾದ ಹಾಗೆ ಏರಿಸಿ ಇಳಿಸಿ ಕೊಡುತ್ತಿದ್ದೆ, ಗಳದಲ್ಲಿ ಅದು ಆಗಲ್ಲ. ಹೊರಗಿನ ಪ್ಲಾಸ್ಟರಿಂಗ್ 22 ದಿನ ಅಂದಿದ್ದವನು 16ಕ್ಕೋ 17ಕ್ಕೋ ಮುಗಿಸಿದ.

ಆ ಮನೆಯಿಂದ ನನಗೆ ಸಿಕ್ಕಿದ್ದು 55 ಸಾವಿರ. ಕೂಲಿ, ಸಾಗಾಣಿಕೆ ಕಳೆದು 30 ಸಾವಿರದ ಹತ್ತಿರ ಉಳಿಯಿತು. ಏಳನೇ ಮನೆ ಮುಗಿಯುವಷ್ಟರಲ್ಲಿ ಸಾಮಾನಿಗೆ ಹಾಕಿದ ದುಡ್ಡು ವಾಪಸ್ ಬಂತು, ಸರವೂ ಬಂತು. ಕಬ್ಬು ಕಡಿಯುವ ಕಾಲದಲ್ಲಿ ಆಳು ಸಿಗದೆ ಎರಡು ತಿಂಗಳು ಸಾಮಾನು ಸುಮ್ನೆ ಬಿದ್ದಿತ್ತು, ಇಲ್ಲದಿದ್ದರೆ ಇನ್ನೂ ಬೇಗ ಬರುತ್ತಿತ್ತು.

ಮೊನ್ನೆ ಅದೇ ಮೇಸ್ತ್ರಿ ಮೈಸೂರಿನ ಹೂಟಗಳ್ಳಿಯಿಂದ ಫೋನ್ ಮಾಡಿದ್ದ. "ಅಣ್ಣ, ಇಲ್ಲೊಂದು ಕೆಲಸ ಹಿಡಿದಿದ್ದೀನಿ, ನಿನ್ನ ಕನ್ನಂಬಾಡಿ ಸಾಮಾನು ಖಾಲಿ ಇದ್ಯಾ?" ಬಾಡಿಗೆ ಸ್ವಲ್ಪ ಜಾಸ್ತಿ ಹೇಳಿದೆ. ಒಪ್ಪಿಕೊಂಡ.