ಬೋರಿನ ನೀರು, ಸೋಲಾರ್, ಗೀಸರ್: ಮೂರನ್ನೂ ಹೊಂದಿಸಿದ ನನ್ನ ಅನುಭವ

ನೀರು ಕಾಯಿಸುವ ನಮ್ಮ ಹಳೆಯ ಸೋಲಾರ್ ಪ್ಯಾನೆಲ್ ಕೆಳಗಿಳಿಸಿದ ದಿನ, ಅದರೊಳಗಿನ ಒಂದು ತಾಮ್ರದ ಪೈಪನ್ನು ಹ್ಯಾಕ್ಸಾದಿಂದ ಕತ್ತರಿಸಿ ನೋಡಿದೆ. ಒಳಗೆ ಸುತ್ತಲೂ ಬಿಳಿ ಸುಣ್ಣ ಕಲ್ಲಿನ ಹಾಗೆ ಕೂತಿತ್ತು. ನಡುವೆ ಉಳಿದ ತೂತಿನಲ್ಲಿ ಊದುಬತ್ತಿ ಕಡ್ಡಿ ಹೋಗುತ್ತಿತ್ತು, ಪೆನ್ಸಿಲ್ ಹೋಗುತ್ತಿರಲಿಲ್ಲ. ಹಾಕಿಸಿ ನಾಲ್ಕು ವರ್ಷವಷ್ಟೇ ಆಗಿತ್ತು.

ನಮ್ಮ ಮನೆ ನವನಗರದಲ್ಲಿದೆ. ಇಪ್ಪತ್ತು ವರ್ಷದಿಂದ ಹುಬ್ಬಳ್ಳಿ-ಧಾರವಾಡದಲ್ಲಿ ಪ್ಲಂಬಿಂಗ್ ಕೆಲಸ ಮಾಡುತ್ತಿದ್ದೇನೆ. ನಳಕ್ಕೆ ಮಲಪ್ರಭೆ ನೀರು ಬರುತ್ತದೆ, ಆದರೆ ದಿನಾ ಬರುವುದಿಲ್ಲ. ಹಾಗಾಗಿ ಕುಡಿಯೋಕೆ, ಅಡುಗೆಗೆ ನಳದ ನೀರು. ಜಳಕಕ್ಕೆ, ಬಟ್ಟೆಗೆ ಬೋರಿನ ನೀರು. ಬೋರಿನ ನೀರಿನಲ್ಲಿ ಸುಣ್ಣದ ಅಂಶ ಕರಗಿರುತ್ತದೆ. ತಣ್ಣಗಿದ್ದಾಗ ಅದು ಕಣ್ಣಿಗೆ ಕಾಣುವುದಿಲ್ಲ. ಕಾದ ಕೂಡಲೇ ನೀರು ಬಿಟ್ಟು ಹೊರಬರುತ್ತದೆ, ಎಲ್ಲಿ ಬಿಸಿ ಜಾಸ್ತಿಯೋ ಅಲ್ಲೇ ಅಂಟುತ್ತದೆ. ಪ್ಯಾನೆಲ್‌ಗೆ ದಿನಾ ಹೊಸ ನೀರು ಹೋದರೆ, ದಿನಾ ಹೊಸ ಸುಣ್ಣವೂ ಹೋಗುತ್ತದೆ ಅಲ್ವಾ?

ಇದಕ್ಕೆ ದಾರಿ ತೋರಿಸಿದವನು ನಮ್ಮ ಅಕ್ಕನ ಮಗ. ಅವನು ಇಂಗ್ಲೆಂಡಿನ ಲೀಡ್ಸ್‌ನಲ್ಲಿದ್ದಾನೆ. ಒಂದು ಚಳಿಗಾಲದಲ್ಲಿ ವಿಡಿಯೊ ಕಾಲ್ ಮಾಡಿದಾಗ, "ಮಾಮಾ, ನಿಮಗೆ ಇಷ್ಟ ಆಗೋ ವಸ್ತು ತೋರಿಸ್ತೀನಿ" ಎಂದು ಕಪಾಟಿನೊಳಗಿನ ದೊಡ್ಡ ಸಿಲಿಂಡರ್ ತೋರಿಸಿದ. ಅವನ ಮನೆಯಲ್ಲಿ ಇರೋದು ಒಂದೇ ಗ್ಯಾಸ್ ಬಾಯ್ಲರ್. ಅದು ಕಾಯಿಸಿದ ನೀರು ಒಂದು ಕಡೆ ಕೋಣೆ ಬೆಚ್ಚಗಿಡುವ ರೇಡಿಯೇಟರ್‌ಗೆ ಹೋಗುತ್ತದೆ, ಇನ್ನೊಂದು ಕಡೆ ಸಿಲಿಂಡರ್ ಒಳಗಿನ ಸುರುಳಿ ಪೈಪಿಗೆ. ಯಾವ ಕಡೆ ಬಿಡಬೇಕು ಎಂದು ಮೋಟರ್ ವಾಲ್ವ್ ನೋಡಿಕೊಳ್ಳುತ್ತದೆ. ಕೋಣೆಯ ಥರ್ಮೋಸ್ಟಾಟ್ (ಬಿಸಿ ನೋಡಿ ಆನ್-ಆಫ್ ಮಾಡುವ ಸ್ವಿಚ್), ಸಿಲಿಂಡರಿನ ಥರ್ಮೋಸ್ಟಾಟ್ ಎರಡೂ ಸಾಕು ಅಂದರೆ ಬಾಯ್ಲರ್ ತಾನೇ ಆರುತ್ತದೆ. ನನ್ನ ಮನಸ್ಸು ನಿಂತದ್ದು ಆ ಸುರುಳಿಯ ಮೇಲೆ. ಸುರುಳಿಯೊಳಗೆ ಓಡುವ ನೀರು, ಜಳಕದ ನೀರು ಒಂದಕ್ಕೊಂದು ಸೇರುವುದೇ ಇಲ್ಲ. ಬಿಸಿ ಮಾತ್ರ ದಾಟುತ್ತದೆ. ಬಾಯ್ಲರ್ ಕಡೆಯ ನೀರು ವರ್ಷಗಟ್ಟಲೆ ಅದೇ ನೀರು.

ನಮಗೆ ರೇಡಿಯೇಟರ್ ಬೇಕಿಲ್ಲ. ಆದರೆ ಆ ಲೆಕ್ಕ ನಮ್ಮ ಮಾಳಿಗೆಗೂ ಹೊಂದುತ್ತದೆ. ಒಂದೇ ನೀರು ಸುತ್ತುತ್ತಿದ್ದರೆ ಅದರಲ್ಲಿರುವ ಸುಣ್ಣ ಒಮ್ಮೆ ಮಾತ್ರ ಬೀಳುತ್ತದೆ, ಮತ್ತೆ ಬರೋದು ಎಲ್ಲಿಂದ? ಸವಳು ನೀರಿಗೆಂದೇ ಹೀಟ್ ಎಕ್ಸ್‌ಚೇಂಜರ್, ಅಂದರೆ ನೀರು ಬೆರೆಸದೆ ಬಿಸಿ ಮಾತ್ರ ದಾಟಿಸುವ ಭಾಗ ಇರುವ ಸೋಲಾರ್ ಟ್ಯಾಂಕ್ ನಮ್ಮಲ್ಲೂ ಸಿಗುತ್ತದೆ. ಬೆಲೆ ಜಾಸ್ತಿ ಎಂದು ಜನ ಬಿಡುತ್ತಾರೆ, ನಾನೂ ಮೊದಲ ಸಲ ಬಿಟ್ಟಿದ್ದೆ. ಈ ಸಲ 200 ಲೀಟರಿನ ಅಂಥ ಟ್ಯಾಂಕ್ ತಂದೆ, ಜೊತೆಗೆ 2 ಚದರ ಮೀಟರಿನ ಎರಡು ಪ್ಯಾನೆಲ್. ಪ್ಯಾನೆಲ್ ಕಡೆಗೆ ಸೋಸಿದ ಮಳೆನೀರು ತುಂಬಿಸಿದೆ.

ಇದರಲ್ಲಿ ಪಂಪ್ ಇಲ್ಲ. ಕಾದ ನೀರು ಹಗುರ, ಅದು ಮೇಲೇರುತ್ತದೆ. ತಣ್ಣಗಾದದ್ದು ಕೆಳಗಿಳಿದು ಪ್ಯಾನೆಲ್ ಬುಡಕ್ಕೆ ಬರುತ್ತದೆ. ಅದಕ್ಕೇ ಟ್ಯಾಂಕಿನ ತಳ ಪ್ಯಾನೆಲ್ ತಲೆಗಿಂತ ಒಂದು ಅಡಿಯಾದರೂ ಮೇಲಿರಬೇಕು. ಪ್ಯಾನೆಲ್ ಮುಖ ದಕ್ಷಿಣಕ್ಕೆ. ಇಷ್ಟೆಲ್ಲ ಮಾಡಿಯೂ ಮೊದಲ ದಿನ ನೀರು ಕಾಯಲಿಲ್ಲ. ಮಧ್ಯಾಹ್ನ ಮಾಳಿಗೆ ಹತ್ತಿ ಪೈಪಿನ ಮೇಲೆ ಕೈ ಇಟ್ಟೆ. ಪ್ಯಾನೆಲ್‌ನಿಂದ ಹೊರಟ ಕಡೆ ಕೈ ಸುಡುತ್ತಿತ್ತು. ಎರಡು ಅಡಿ ಮುಂದೆ, ಎಲ್ಬೋ ದಾಟಿದ ಮೇಲೆ ತಣ್ಣಗಿತ್ತು. ಅಲ್ಲಿ ಪೈಪ್ ಸ್ವಲ್ಪ ಗೂನಾಗಿ ಎದ್ದು ಮತ್ತೆ ಇಳಿದಿತ್ತು. ಆ ಗೂನಿನಲ್ಲಿ ಗಾಳಿ ಸಿಕ್ಕಿಕೊಂಡಿತ್ತು. ಸಂಜೆ ತಣ್ಣಗಾದ ಮೇಲೆ ಪೈಪ್ ಜೋಡಿಸುವ ಯೂನಿಯನ್ ಸಡಿಲ ಮಾಡಿದೆ, ಸುಯ್ ಎಂದು ಗಾಳಿ ಹೋಯಿತು. ಪೈಪನ್ನು ಉದ್ದಕ್ಕೂ ಏರುವ ಹಾಗೆ ಕಟ್ಟಿದೆ. ಮರುದಿನ ಸಂಜೆ ಟ್ಯಾಂಕ್ ನೀರು 58 ಡಿಗ್ರಿ ತೋರಿಸಿತು.

ಇನ್ನು ಗೀಸರ್. ಧಾರವಾಡದ ಕಡೆ ಜಿಟಿಜಿಟಿ ಮಳೆ ಹಿಡಿದರೆ ವಾರಗಟ್ಟಲೆ ಬಿಸಿಲು ಕಾಣುವುದಿಲ್ಲ. ಹೆಚ್ಚಿನವರು ಗೀಸರಿಗೆ ಬೇರೆ ಲೈನ್, ಸೋಲಾರಿಗೆ ಬೇರೆ ಲೈನ್ ಹಾಕಿಸುತ್ತಾರೆ. ನಾನು ಸೋಲಾರ್ ನೀರನ್ನೇ ಗೀಸರಿನ ಒಳಗೆ ಬಿಟ್ಟೆ. 25 ಲೀಟರ್ ನೀರನ್ನು 22 ಡಿಗ್ರಿಯಿಂದ 50ಕ್ಕೆ ಏರಿಸಲು ಸುಮಾರು 0.8 ಯೂನಿಟ್ ಕರೆಂಟು ಬೇಕು. ಮೋಡದ ದಿನವೂ ಸೋಲಾರ್ ನೀರು 40ರವರೆಗೆ ಕಾದಿದ್ದರೆ ಬರೀ 0.3 ಸಾಕು. ಅಲ್ಪಸ್ವಲ್ಪ ಬಿಸಿಲೂ ದಂಡವಾಗುವುದಿಲ್ಲ.

ಆದರೆ ಸುಮ್ನೆ ಜೋಡಿಸಿಬಿಡಬೇಡಿ. ಕಾದ ನೀರನ್ನು ಒಳಗೆ ತೆಗೆದುಕೊಳ್ಳಬಹುದೇ ಎಂದು ಗೀಸರಿನ ಪುಸ್ತಕ ನೋಡಿ. ನೀರು ವಾಪಸ್ ಹೋಗದ ಹಾಗೆ ಎನ್‌ಆರ್‌ವಿ (ಒಂದೇ ಕಡೆ ನೀರು ಬಿಡುವ ವಾಲ್ವ್) ಹಾಕಿದರೆ, ಗೀಸರಿನಲ್ಲಿ ಕಾದು ಹಿಗ್ಗುವ ನೀರಿಗೆ ದಾರಿ ಇರುವುದಿಲ್ಲ. ಆಗ ಒತ್ತಡ ಹೊರಬಿಡುವ ಸೇಫ್ಟಿ ವಾಲ್ವ್ ಇರಲೇಬೇಕು, ಅದರ ಬಾಯಿ ಎಂದೂ ಮುಚ್ಚಬಾರದು. ಮಾರ್ಚ್‌ನಲ್ಲಿ ಸೋಲಾರ್ ನೀರು 70 ದಾಟುತ್ತದೆ. ಗೀಸರ್ ಅದನ್ನು ಹಾಗೇ ಮುಂದಕ್ಕೆ ಬಿಡುತ್ತದೆ, ತಣ್ಣಗೆ ಮಾಡುವುದಿಲ್ಲ. ಮನೆಯಲ್ಲಿ ಅವ್ವ ಇದ್ದಾರೆ, ಮಕ್ಕಳಿದ್ದಾರೆ. ಮೊದಲು ತಣ್ಣೀರು ಬಿಟ್ಟು ಆಮೇಲೆ ಬಿಸಿನೀರು ತಿರುಗಿಸಬೇಕೆಂದು ಎಲ್ಲರಿಗೂ ಹೇಳಿಕೊಟ್ಟಿದ್ದೇನೆ.

ಪೈಪಿನ ವಿಚಾರದಲ್ಲಿ ನನಗೆ ಹಟ. ಬಚ್ಚಲಿಗೆ 15 ಮೀಟರ್ ಮುಕ್ಕಾಲು ಇಂಚಿನ ಪೈಪ್ ಎಳೆದರೆ, ಬಿಸಿನೀರು ಬರುವ ಮೊದಲು ಸುಮಾರು 4 ಲೀಟರ್ ತಣ್ಣೀರು ಹರಿದುಹೋಗುತ್ತದೆ. ಅರ್ಧ ಇಂಚಿನದಾದರೆ 2 ಲೀಟರಿಗಿಂತ ಕಡಿಮೆ. ಐದು ಜನ ಬೇರೆ ಬೇರೆ ಹೊತ್ತಿಗೆ ಜಳಕ ಮಾಡಿದರೆ ಒಂದು ಕೊಡಪಾನದಷ್ಟು ಉಳಿಯುತ್ತದೆ. ನೀರಿಗೆ ಕಾಯುವ ಊರಿನಲ್ಲಿ ಇದು ಸಣ್ಣ ಮಾತಲ್ಲ. ನಾನು ಅರ್ಧ ಇಂಚಿನ ಸಿಪಿವಿಸಿ (ಬಿಸಿನೀರು ತಡೆಯುವ ಪ್ಲಾಸ್ಟಿಕ್) ಪೈಪ್ ಹಾಕಿ, ಉದ್ದಕ್ಕೂ ಫೋಮ್ ಕೊಳವೆ ತೊಡಿಸಿದೆ.

ಸುಣ್ಣ ಪೂರ್ತಿ ನಿಂತಿತು ಎಂದಲ್ಲ. ಜಳಕದ ನೀರು ಈಗಲೂ ಬೋರಿನದೇ. ಆದರೆ ಸುಣ್ಣ ಈಗ ಸಣ್ಣ ಪೈಪಿನ ಬದಲು ಅಗಲವಾದ ಟ್ಯಾಂಕಿನಲ್ಲಿ ಬೀಳುತ್ತದೆ. ಆರು ತಿಂಗಳಿಗೊಮ್ಮೆ ಕೆಳಗಿನ ಡ್ರೈನ್ ಕಾಕ್ ಬಿಚ್ಚುತ್ತೇನೆ. ಹೋದ ತಿಂಗಳು ಬಿಚ್ಚಿದಾಗ ಮೊದಲ ಬಕೆಟ್ ನೀರು ಹಾಲಿನ ಹಾಗೆ ಬೆಳ್ಳಗಿತ್ತು, ಎರಡನೆಯದು ತಿಳಿಯಾಗಿತ್ತು. ಪ್ಯಾನೆಲ್ ಕಡೆ 2 ಲೀಟರ್ ಮಳೆನೀರು ಕಡಿಮೆಯಾಗಿತ್ತು, ತುಂಬಿಸಿ ಕೆಳಗಿಳಿದೆ.