ಜಿಪಿಎ 2.6 ಇದ್ದವರು ಅಮೆರಿಕದಲ್ಲಿ ನರ್ಸಿಂಗ್ ಓದುವುದು ಹೇಗೆ?

ನಾನು ಅಮೆರಿಕದ ಆಸ್ಪತ್ರೆಯೊಂದರಲ್ಲಿ ರಾತ್ರಿ ಪಾಳಿಯ ನರ್ಸ್. ಇಲ್ಲಿ ಬೆಳೆದ ನಮ್ಮವರ ಮಕ್ಕಳು, ಮದುವೆಯಾಗಿ ಬಂದು ಮತ್ತೆ ಓದಲು ಹೊರಟ ಹೆಣ್ಣುಮಕ್ಕಳು, ಎಲ್ಲರೂ ಕೇಳುವುದು ಒಂದೇ: “ಅಕ್ಕಾ, ನನ್ನ ಜಿಪಿಎ 2.6. ನರ್ಸಿಂಗ್ ಸೀಟು ಸಿಗುತ್ತಾ?” ಸಿಗುತ್ತದೆ. ಆದರೆ ಎಲ್ಲಿಗೆ ಅರ್ಜಿ ಹಾಕುತ್ತೀರಿ ಅನ್ನುವುದರ ಮೇಲೆ ತುಂಬಾ ನಿಂತಿದೆ. (ಜಿಪಿಎ ಅಂದರೆ 4.0ಕ್ಕೆ ಲೆಕ್ಕ ಹಾಕುವ ಗ್ರೇಡ್‌ಗಳ ಸರಾಸರಿ.)

ಮೊದಲು ಟ್ರಾನ್ಸ್‌ಕ್ರಿಪ್ಟ್ (ಅಂಕಪಟ್ಟಿ) ತೆಗೆದು ವಿಜ್ಞಾನದ ವಿಷಯಗಳನ್ನು ಬೇರೆಯಾಗಿ ಲೆಕ್ಕ ಹಾಕಿ. ಅನಾಟಮಿ-ಫಿಸಿಯಾಲಜಿಯ ಎರಡು ಭಾಗ, ಮೈಕ್ರೋಬಯಾಲಜಿ, ಕೆಮಿಸ್ಟ್ರಿ ಇವುಗಳ ಅಂಕವನ್ನು ಎಷ್ಟೋ ಕಾಲೇಜುಗಳು ಪ್ರತ್ಯೇಕವಾಗಿ ನೋಡುತ್ತವೆ. ನಿಮ್ಮದು 60 ಕ್ರೆಡಿಟ್‌ಗೆ 2.6 ಅಂದುಕೊಳ್ಳಿ. ಈ ನಾಲ್ಕು ವಿಷಯ, ಅಂದರೆ ಸುಮಾರು 16 ಕ್ರೆಡಿಟ್, ಎಲ್ಲದರಲ್ಲೂ ‘ಎ’ ಬಂದರೂ ಒಟ್ಟು ಜಿಪಿಎ 2.89ಕ್ಕೆ ಮಾತ್ರ ಏರುತ್ತದೆ. ವಿಜ್ಞಾನದ ಜಿಪಿಎ ಮಾತ್ರ 4.0! ಹಾಗಾಗಿ ಹಳೆಯ ಇತಿಹಾಸದ ಕೋರ್ಸನ್ನು ಮತ್ತೆ ಬರೆದು ದುಡ್ಡು ಕಳೆಯಬೇಡಿ, ಶಕ್ತಿಯನ್ನೆಲ್ಲ ಇಲ್ಲಿಗೆ ಹಾಕಿ. ಒಂದು ಸೆಮಿಸ್ಟರ್‌ಗೆ ಎರಡಕ್ಕಿಂತ ಹೆಚ್ಚು ವಿಜ್ಞಾನ ಬೇಡ. ಅನಾಟಮಿಯಲ್ಲಿ ಈಗಾಗಲೇ ‘ಸಿ’ ಇದ್ದರೆ, ಮತ್ತೆ ತೆಗೆದುಕೊಂಡಾಗ ಹೊಸ ಗ್ರೇಡನ್ನೇ ಹಿಡಿಯುತ್ತಾರೋ, ಎರಡರ ಸರಾಸರಿ ನೋಡುತ್ತಾರೋ ಅಂತ ಅಡ್ವೈಸರ್‌ಗೆ ಇಮೇಲ್ ಬರೆದು ಕೇಳಿ. ಕಾಲೇಜಿಗೊಂದು ನಿಯಮ. ಐದೋ ಏಳೋ ವರ್ಷಕ್ಕಿಂತ ಹಳೆಯದಾದ ವಿಜ್ಞಾನದ ಕೋರ್ಸನ್ನು ಒಪ್ಪದ ಕಡೆಗಳೂ ಇವೆ.

2.6 ಇದ್ದವರಿಗೆ ನಾನು ಮೊದಲು ಹೇಳುವುದು ಕಮ್ಯುನಿಟಿ ಕಾಲೇಜಿನ ಎಡಿಎನ್, ಅಂದರೆ ನರ್ಸಿಂಗ್‌ನ ಅಸೋಸಿಯೇಟ್ ಡಿಗ್ರಿ. ಪೂರ್ವಭಾವಿ ವಿಷಯಗಳು (ಮೇಲೆ ಹೇಳಿದ ವಿಜ್ಞಾನದಂಥವು) ಮುಗಿದ ಮೇಲೆ ಎರಡು ವರ್ಷ. ಕೊನೆಯಲ್ಲಿ ನಾಲ್ಕು ವರ್ಷದ ಬಿಎಸ್ಎನ್ (ನರ್ಸಿಂಗ್ ಬ್ಯಾಚುಲರ್ ಪದವಿ) ಓದಿದವರು ಬರೆಯುವ ಅದೇ ಎನ್‌ಕ್ಲೆಕ್ಸ್-ಆರ್‌ಎನ್ ಪರೀಕ್ಷೆ, ಅದೇ ಆರ್‌ಎನ್ (ರಿಜಿಸ್ಟರ್ಡ್ ನರ್ಸ್) ಲೈಸೆನ್ಸ್. ಸೀಟಿಗೆ ಪೈಪೋಟಿ ಇದ್ದೇ ಇದೆ, ಆದರೆ ಆಯ್ಕೆಯ ರೀತಿ ಒಂದೊಂದು ಕಡೆ ಒಂದೊಂದು. ಕೆಲವರು ಟೀಸ್ ಅಥವಾ ಹೆಸಿ ಪ್ರವೇಶ ಪರೀಕ್ಷೆಗೆ ಪಾಯಿಂಟ್ ಕೊಡುತ್ತಾರೆ, ಕೆಲವರು ಕನಿಷ್ಠ ಅರ್ಹತೆ ಇದ್ದವರ ನಡುವೆ ಲಾಟರಿ ಎತ್ತುತ್ತಾರೆ. ಕನಿಷ್ಠ 2.5 ಇಟ್ಟು ಲಾಟರಿ ಎತ್ತುವ ಕಾಲೇಜಿನಲ್ಲಿ ನಿಮ್ಮ 2.6ಕ್ಕೂ ಇನ್ನೊಬ್ಬರ 3.9ಕ್ಕೂ ವ್ಯತ್ಯಾಸವಿಲ್ಲ. ಅಂಥದ್ದನ್ನು ಹುಡುಕಿ.

ದೊಡ್ಡ ಆಸ್ಪತ್ರೆಗಳು ಬಿಎಸ್ಎನ್ ಕೇಳುವುದು ನಿಜ. ನ್ಯೂಯಾರ್ಕ್ ರಾಜ್ಯದಲ್ಲಂತೂ 2017ರ ಕಾನೂನಿನ ಪ್ರಕಾರ ಹೊಸ ಆರ್‌ಎನ್‌ಗಳು ಹತ್ತು ವರ್ಷದೊಳಗೆ ನರ್ಸಿಂಗ್‌ನಲ್ಲಿ ಬ್ಯಾಚುಲರ್ ಪದವಿ ಪಡೆಯಬೇಕು. ಕೆಲಸಕ್ಕೆ ಸೇರಿ, ಆನ್‌ಲೈನ್‌ನಲ್ಲಿ ಆರ್‌ಎನ್-ಟು-ಬಿಎಸ್ಎನ್ ಮುಗಿಸಬಹುದು. ಎಷ್ಟೋ ಆಸ್ಪತ್ರೆಗಳು ಫೀಸಿನ ಒಂದು ಪಾಲು ಕೊಡುತ್ತವೆ.

ಬೇಗ ಸಂಪಾದನೆ ಬೇಕಾದವರಿಗೆ ಸುಮಾರು ಒಂದು ವರ್ಷದ ಎಲ್‌ಪಿಎನ್ (ಲೈಸೆನ್ಸ್ಡ್ ಪ್ರಾಕ್ಟಿಕಲ್ ನರ್ಸ್) ಕೋರ್ಸ್ ಇದೆ. ಕೆಲಸದ ವ್ಯಾಪ್ತಿ ಕಡಿಮೆ, ಮುಂದೆ ಆರ್‌ಎನ್‌ಗೆ ಏರಲು ಬ್ರಿಡ್ಜ್ ಕೋರ್ಸ್‌ಗಳಿವೆ. ಬೇರೆ ವಿಷಯದಲ್ಲಿ ಡಿಗ್ರಿ ಆದವರು ವೇಗದ ಬಿಎಸ್ಎನ್ ಕಡೆ ಆಸೆಯಿಂದ ನೋಡುತ್ತಾರೆ. ಅಲ್ಲಿ ಸಾಮಾನ್ಯವಾಗಿ 3.0 ಕೇಳುತ್ತಾರೆ, ಓದು ಉಸಿರು ಬಿಡಲು ಬಿಡದಷ್ಟು ವೇಗ. 2.6 ಇದ್ದವರಿಗೆ ನಾನು ಅದನ್ನು ಹೇಳುವುದಿಲ್ಲ.

“ಜಿಪಿಎ ನೋಡುವುದೇ ಇಲ್ಲ, ಇವತ್ತೇ ಸೇರಿ” ಅನ್ನುವ ಖಾಸಗಿ ಶಾಲೆ ಸಿಕ್ಕರೆ ಸಹಿ ಹಾಕುವ ಮುಂಚೆ ನಿಲ್ಲಿ. ರಾಜ್ಯದ ಬೋರ್ಡ್ ಆಫ್ ನರ್ಸಿಂಗ್ ಮಾನ್ಯತೆ ಇದೆಯೇ, ಎಸಿಇಎನ್ ಅಥವಾ ಸಿಸಿಎನ್ಇ ಎಂಬ ರಾಷ್ಟ್ರೀಯ ಸಂಸ್ಥೆಗಳ ಅಕ್ರೆಡಿಟೇಶನ್ ಇದೆಯೇ, ಮೊದಲ ಸಲಕ್ಕೇ ಎನ್‌ಕ್ಲೆಕ್ಸ್ ಪಾಸಾದವರು ಶೇಕಡಾ ಎಷ್ಟು ಎಂದು ನೋಡಿ. 2023ರ ಜನವರಿಯಲ್ಲಿ ಫ್ಲಾರಿಡಾದ ಶಾಲೆಗಳಿಂದ 7,600ಕ್ಕೂ ಹೆಚ್ಚು ನಕಲಿ ನರ್ಸಿಂಗ್ ಡಿಪ್ಲೊಮಾ ಮಾರಾಟವಾಗಿದ್ದು ಬಯಲಾಯಿತು. ರೋಗಿಯ ಜೀವ ಕೈಯಲ್ಲಿರುವ ಕೆಲಸ ಇದು, ಆ ನೆನಪಾದರೆ ಇಂದಿಗೂ ಸಿಟ್ಟು ಬರುತ್ತದೆ.

ಇಷ್ಟಕ್ಕೆಲ್ಲ ದುಡ್ಡು ಸುರಿಯುವ ಮುಂಚೆ ಸಿಎನ್ಎ (ನರ್ಸ್‌ಗೆ ನೆರವಾಗುವ ಸಹಾಯಕರ) ತರಬೇತಿ ಮಾಡಿಕೊಳ್ಳಿ. ಕಾನೂನಿನ ಪ್ರಕಾರ ಕನಿಷ್ಠ 75 ಗಂಟೆ, ಕೆಲವು ರಾಜ್ಯಗಳಲ್ಲಿ ಇನ್ನೂ ಹೆಚ್ಚು. ರೋಗಿಗೆ ಮೈ ಒರೆಸಿ, ಮಗ್ಗುಲು ಬದಲಿಸಿ, ಬೆಡ್‌ಪ್ಯಾನ್ ತೆಗೆದು ನೋಡಿದರೆ ಈ ಕೆಲಸ ನಿಮ್ಮದೋ ಅಲ್ಲವೋ ತಿಳಿಯುತ್ತದೆ. ಕೆಲವು ಕಾಲೇಜುಗಳು ಆ ಅನುಭವಕ್ಕೂ ಪಾಯಿಂಟ್ ಕೊಡುತ್ತವೆ, ಆದ್ದರಿಂದ ಅರ್ಜಿಯ ಕೊನೆಯ ದಿನಾಂಕಕ್ಕೆ ಮೊದಲೇ ಮುಗಿಸಿಟ್ಟುಕೊಳ್ಳಿ.